ಜೋಂಪಕ್ಕನ ಎರಡು ಗೆರೆ

ಆ ಬೀದಿಯಲ್ಲಿ ಹಾಸಿಗೆ ಕೊಳ್ಳಲು ಬಂದವರು ಮೊದಲು ಹಾಸಿಗೆ ಹೊಲಿಯುವವಳನ್ನು ಎಬ್ಬಿಸಬೇಕಾಗುತ್ತಿತ್ತು. ದಬ್ಬಳ ಕೈಯಲ್ಲೇ ಇರುತ್ತಿತ್ತು, ಹುರಿ ದಬ್ಬಳದಲ್ಲೇ ಇರುತ್ತಿತ್ತು, ಹೊಲಿಗೆ ಅರ್ಧಕ್ಕೆ ಬಂದಿರುತ್ತಿತ್ತು. ಅವಳು ಮಾತ್ರ ಇನ್ನೆಲ್ಲೋ ಇರುತ್ತಿದ್ದಳು. ಮೂಗಿನ ತುದಿಯಲ್ಲಿ ಅರಳೆಯ ಒಂದು ಎಳೆ ಕೂತು ಉಸಿರಿಗೆ ಏಳುತ್ತ ಬೀಳುತ್ತ ಇದ್ದರೆ, ಒಳಗೆ ನಿದ್ದೆ ಆಳಕ್ಕಿಳಿದಿದೆ ಎಂದು ಲೆಕ್ಕ. ಬೀದಿಯವರು ಅವಳಿಗಿಟ್ಟ ಹೆಸರು ಜೋಂಪಕ್ಕ. ಅಕ್ಕಪಕ್ಕದ ಅಂಗಡಿಯವರಿಗೆ ಅವಳ ನಿಜವಾದ ಹೆಸರು ಮರೆತೇಹೋಗಿತ್ತು. ಅವಳೂ ಅದನ್ನು ನೆನಪಿಸುವ ಶ್ರಮ ತೆಗೆದುಕೊಂಡಿರಲಿಲ್ಲ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ," ಎಂದು ಅವಳ ಅಮ್ಮ ಹೊಲಿಗೆ ಯಂತ್ರ ತುಳಿಯುತ್ತಲೇ ಗಿರಾಕಿಗಳಿಗೆ ಹೇಳುತ್ತಿದ್ದಳು. "ನಮ್ಮವಳಿಗೆ ಈ ಬೀದಿಯ ಹಾಸಿಗೆಯೆಲ್ಲ ತನ್ನದೇ. ಎಲ್ಲೀವರೆಗೆ ಚಾಚ್ತಾಳೋ ನೀವೇ ನೋಡಿ."

ಗಿರಾಕಿಗಳು ನಗುತ್ತಿದ್ದರು. ಹೊಲಿಯುವವಳನ್ನೇ ಮಲಗಿಸಿದ ಹಾಸಿಗೆ ನಮ್ಮನ್ನು ಬಿಟ್ಟೀತೇ ಎಂದು ಸಂತೋಷದಿಂದ ಹೊತ್ತುಕೊಂಡು ಹೋಗುತ್ತಿದ್ದರು. ಆ ನಿದ್ದೆಯನ್ನು ಯಾರೂ ಕಾಯಿಲೆ ಎಂದು ಎಣಿಸಲಿಲ್ಲ. ಜೋಂಪಕ್ಕನಿಗೂ ಹಾಗೆ ಅನ್ನಿಸಲಿಲ್ಲ. ಮೂವತ್ತು ದಾಟಿತು, ಮಗುವಾಯಿತು, ಮೈ ಭಾರವಾಯಿತು, ಇದ್ದದ್ದೇ ಎಂದುಕೊಂಡಿದ್ದಳು. ಬೆಳಗ್ಗೆ ಎದ್ದಾಗಲೂ ರಾತ್ರಿಯ ಒಂದು ತುಂಡು ಕಣ್ಣಿನೊಳಗೇ ಉಳಿದಿರುತ್ತಿತ್ತು. ದಿನವಿಡೀ ಅವಳು ಅದರೊಳಗಿಂದಲೇ ಲೋಕವನ್ನು ನೋಡುತ್ತಿದ್ದಳು, ತೆಳು ಪರದೆಯ ಹಿಂದೆ ನಿಂತು ಬೀದಿ ನೋಡಿದ ಹಾಗೆ. ಕಾಣುವುದೆಲ್ಲ ಸ್ವಲ್ಪ ದೂರ, ಸ್ವಲ್ಪ ಮೆತ್ತಗೆ. ಅದು ಅವಳಿಗೆ ಹಿತವಾಗಿಯೂ ಇತ್ತು.

ಅಂಗಡಿ ಉದ್ದನೆಯ ಒಂದೇ ಕೋಣೆ. ಬೀದಿಗೆ ಮುಖ ಮಾಡಿ ಮರದ ಜಗಲಿ. ಅದರ ಹಿಂದೆ ಅಮ್ಮನ ಹೊಲಿಗೆ ಯಂತ್ರ, ಗವಸಿನ ಬಟ್ಟೆಯ ಸುರುಳಿಗಳು. ಇನ್ನೂ ಹಿಂದೆ ಹತ್ತಿ ಹಿಂಜುವ ಯಂತ್ರ. ಅದು ತಿರುಗಿದಾಗ ಕೋಣೆಯ ತುಂಬ ಬಿಳಿಯ ಎಳೆಗಳು ಎದ್ದು, ಯಂತ್ರ ನಿಂತ ಎಷ್ಟೋ ಹೊತ್ತಿನ ಮೇಲೂ ನೆಲಕ್ಕಿಳಿಯಲು ಮನಸ್ಸಿಲ್ಲದೆ ತೇಲುತ್ತಿದ್ದವು. ಶಾಲೆ ಬಿಟ್ಟು ಬಂದ ಮಗಳು ಪುಟ್ಟಿ ಚೀಲ ಎಸೆದು ನೇರ ಹತ್ತಿಯ ರಾಶಿಗೆ ಹಾರುತ್ತಿದ್ದಳು. ರಾಶಿಯಿಂದ ಹೊರಬಂದರೆ ಹುಬ್ಬು ಬಿಳಿ, ರೆಪ್ಪೆ ಬಿಳಿ, ಐದು ವರ್ಷಕ್ಕೇ ಮುದುಕಿ. "ಅಜ್ಜೀ, ನಾನು ನಿನ್ನ ಅಮ್ಮ. ಹೋಗಿ ಕೈಕಾಲು ತೊಳ್ಕೋ," ಎಂದು ಅಜ್ಜಿಗೇ ಗದರುತ್ತಿದ್ದಳು.

ಜೋಂಪಕ್ಕನ ಅಪ್ಪನ ಕಾಲದಲ್ಲಿ ಯಂತ್ರವಿರಲಿಲ್ಲ, ಬಿಲ್ಲಿತ್ತು. ಬಿಲ್ಲಿನ ತಂತಿ ಮೀಟಿ ಅಪ್ಪ ಹತ್ತಿ ಹಿಂಜುವ ಸದ್ದಿಗೇ ಅವಳು ತೊಟ್ಟಿಲಲ್ಲಿ ಮಲಗಿದವಳು. ಅವಳಿಗೆ ಹತ್ತೊಂಬತ್ತಾಗಿದ್ದಾಗ ಅಪ್ಪ ತೀರಿಕೊಂಡ. ಬಿಲ್ಲು ಗೋಡೆಗೆ ಹೋಯಿತು. ಆ ಸದ್ದಿಲ್ಲದೆ ಅವಳಿಗೆ ನಿದ್ದೆಯೂ ಹೋಯಿತು. ಆಗಲೇ ಒಬ್ಬ ಅಂಗಡಿಗೆ ಬಂದು, ಒಂದು ಚಿಟಿಕೆ ಒಳ್ಳೆ ಹತ್ತಿ ಕೊಡ್ತೀಯಾ ಎಂದು ಕೇಳಿದ್ದ. ಬೀದಿಯ ಹಿಂದೆ ಬೀಗ ಬಿದ್ದ ಹಳೆಯ ಗೋದಾಮು, ಅದರ ನೆರಳಲ್ಲಿ ನಾಲ್ಕಾರು ಜನ ಕೂರುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಚಮಚದಲ್ಲಿ ಕರಗಿಸಿದ ಅಮಲಿನ ಮಾಲನ್ನು ಸಿರಿಂಜಿಗೆ ಎಳೆಯುವ ಮುಂಚೆ ಸೋಸಲು ಅವರಿಗೆ ಹತ್ತಿ ಬೇಕಿತ್ತು. ಹಾಸಿಗೆ ಅಂಗಡಿಯಲ್ಲಿ ಹತ್ತಿಗೇನು ಬರ? ಮೊದಲು ಹತ್ತಿ ಹೋಯಿತು. ಆಮೇಲೆ ಅವಳೂ ಹೋದಳು. ಹೋದದ್ದು ಯಾವಾಗ, ಹೇಗೆ ಎಂದು ಕೇಳಿದರೆ ಅವಳಿಗೆ ಹೇಳಲು ಬರುವುದಿಲ್ಲ. ನಿದ್ದೆ ಯಾವ ಗಳಿಗೆಯಲ್ಲಿ ಹತ್ತಿತು ಎಂದು ಯಾರು ತಾನೇ ಹೇಳಿಯಾರು?

ಆ ಗುಂಪಿನ ಹಿರಿಯನನ್ನು ಎಲ್ಲರೂ ದೊರೆ ಎನ್ನುತ್ತಿದ್ದರು. ಹಿಂದೆ ಲಾರಿಗೆ ಬಣ್ಣ ಬಳಿಯುತ್ತಿದ್ದವನು. ಮೈಮೇಲೆ ಒಂದೇ ಅಂಗಿ, ಮಾತು ಮಾತ್ರ ಸಿಂಹಾಸನದ ಮೇಲಿಂದ. ಗೋದಾಮಿನ ನೆರಳಲ್ಲಿ ದೊರೆಯ ಕಾನೂನು ನಡೆಯುತ್ತಿತ್ತು. ಒಬ್ಬರ ಸೂಜಿ ಇನ್ನೊಬ್ಬರು ಮುಟ್ಟುವಂತಿಲ್ಲ. ಗುರುತಿಗೆಂದು ಜೋಂಪಕ್ಕನೇ ಅಂಗಡಿಯ ಬಣ್ಣದ ದಾರ ತಂದು ಒಬ್ಬೊಬ್ಬರ ಸಿರಿಂಜಿಗೂ ಒಂದೊಂದು ಸುತ್ತಿದ್ದಳು. ಅವಳದ್ದು ಕೆಂಪು, ದೊರೆಯದ್ದು ನೀಲಿ. ಊರಲ್ಲಿ ಬೇರೆ ಗುಂಪಿನವರು ಕಾಯಿಲೆ ಬಿದ್ದರೆ ಇವರು ಹೆಮ್ಮೆಯಿಂದ ತಲೆ ಅಲ್ಲಾಡಿಸುತ್ತಿದ್ದರು. ನಮ್ಮಲ್ಲಿ ಅಂಥದ್ದಿಲ್ಲಪ್ಪ.

ದೊರೆಗೆ ಇನ್ನೊಂದು ಪದ್ಧತಿಯಿತ್ತು. ಎಲ್ಲರೂ ಸೋಸಿ ಬಿಟ್ಟ ಹತ್ತಿಯ ಚೂರುಗಳನ್ನು ನೋವಿನ ಮುಲಾಮಿನ ಖಾಲಿ ಡಬ್ಬಿಯಲ್ಲಿ ಕೂಡಿಡುತ್ತಿದ್ದ. ಯಾರ ಜೇಬು ಖಾಲಿಯೋ, ಯಾರು ಮಾಲಿಲ್ಲದೆ ನಡುಗುತ್ತ ಬಂದು ಕೂತರೋ, ಅವರಿಗೆ ಆ ಚೂರುಗಳನ್ನು ನೆನೆಸಿ, ಹಿಂಡಿ, ಉಳಿದ ತೇವವನ್ನು ಕೊಡುತ್ತಿದ್ದ. "ಬರಿಗೈಲಿ ಬಂದೋರನ್ನ ಬರಿಗೈಲಿ ಕಳಿಸೋನು ದೊರೆ ಹೇಗಾಗ್ತಾನೆ?" ಎನ್ನುತ್ತಿದ್ದ. ಜೋಂಪಕ್ಕನ ಜೇಬು ಖಾಲಿಯಿದ್ದ ದಿನಗಳೇ ಹೆಚ್ಚು. ಅವಳ ಪಾಲಿಗೆ ಆ ಡಬ್ಬಿಯೇ ತವರು.

ಪುಟ್ಟಿ ಹೊಟ್ಟೆಯಲ್ಲಿದ್ದಾಗ ಅವಳು ಎದ್ದು ಬಂದಳು. ಪುಟ್ಟಿಯ ಅಪ್ಪ ಅಷ್ಟರಲ್ಲಿ ಊರು ಬಿಟ್ಟಾಗಿತ್ತು. ಆ ಮನೆಯಲ್ಲಿ ಅವನ ಮಾತು ಎತ್ತುವವರಿಲ್ಲ. ಆಸ್ಪತ್ರೆಯ ಹಿಂಬದಿಯ ಕಿಟಕಿಯಲ್ಲಿ ಚಟ ಬಿಡಿಸಲು ದಿನವೂ ಒಂದು ಗುಳಿಗೆ ಕೊಡುತ್ತಿದ್ದರು. ನಾಲಿಗೆಯ ಕೆಳಗಿಟ್ಟು, ಅದು ಕರಗುವವರೆಗೆ ಗೋಡೆಗೊರಗಿ ನಿಂತು, ಮನೆಗೆ ಬರುತ್ತಿದ್ದಳು. ಮೊದಲ ದಿನ ಬಾಗಿಲಲ್ಲಿ ನಿಂತಾಗ ಅಮ್ಮ ಅಳಲಿಲ್ಲ, ಬೈಯಲಿಲ್ಲ. "ಬಂದ್ಯಾ? ಈ ಗವಸಿನ ಆ ತುದಿ ಹಿಡ್ಕೋ, ಒಂದು ಕಡೆ ಎಳೀತಿದೆ," ಎಂದಳು. ಅವಳು ಹಿಡಿದುಕೊಂಡಳು. ಅಷ್ಟೇ ಆದದ್ದು.

ಹೀಗಿರುವಾಗ ಒಂದು ದಿನ ಆಸ್ಪತ್ರೆಯಿಂದ ಸಿಸ್ಟರ್ ಬಂದರು. ಗಟ್ಟಿ ಧ್ವನಿಯ, ದಪ್ಪ ಕನ್ನಡಕದ ಹೆಂಗಸು, ಕೈಯಲ್ಲಿ ನೀಲಿ ಮುಚ್ಚಳದ ಪೆಟ್ಟಿಗೆ. ಅಂಗಡಿಯ ಜಗಲಿ ನೋಡಿ, "ಅಮ್ಮಾ, ವಾರಕ್ಕೊಂದು ಮಧ್ಯಾಹ್ನ ಇಲ್ಲಿ ನೆರಳಲ್ಲಿ ಕೂರಬಹುದಾ?" ಎಂದು ಕೇಳಿದರು. ಸೂಜಿ ಹಾಕಿಕೊಳ್ಳುವವರಲ್ಲಿ ಹೆಪಟೈಟಿಸ್ ಸಿ ಅಂತ ಒಂದು ಕಾಯಿಲೆ ಬಹಳ ಇದೆ, ಅದರ ವೈರಸ್ ಲಿವರಿನಲ್ಲಿ ಕೂತು ವರ್ಷಗಟ್ಟಲೆ ಸದ್ದಿಲ್ಲದೆ ಕೊರೆಯುತ್ತದೆ, ಸುಸ್ತು, ಜೋಂಪು ಬಿಟ್ಟರೆ ಬೇರೇನೂ ಗೊತ್ತಾಗುವುದಿಲ್ಲ, ಬೆರಳಿನ ಒಂದು ಹನಿ ರಕ್ತ ಸಾಕು ಪರೀಕ್ಷೆಗೆ, ಗುಣವಾಗುವ ಮಾತ್ರೆಯೂ ಇದೆ, ಆದರೆ ಆ ಜನ ಆಸ್ಪತ್ರೆಗೆ ಬರೋದಿಲ್ಲ, ಅದಕ್ಕೆ ನಾನೇ ಬಂದೆ ಎಂದರು.

"ಅವರು ಆಸ್ಪತ್ರೆಗೆ ಯಾಕೆ ಬರಲ್ಲ ಅಂದ್ರೆ," ಎಂದಳು ಅಮ್ಮ ಯಂತ್ರ ನಿಲ್ಲಿಸಿ, "ಅಲ್ಲಿ ನಿಮ್ಮೋರು ಮೂಗು ಮುಚ್ಕೋತಾರೆ."

"ನಾನು ಮುಚ್ಕೋಳಲ್ಲ."

"ಹಾಗಾದ್ರೆ ಕೂರಿ. ಹತ್ತಿಗೆ ಸೀನು ಬಂದ್ರೆ ನಮ್ಮನ್ನ ಬೈಬೇಡಿ."

ಕರೆಯಲು ಹೋದವಳು ಜೋಂಪಕ್ಕ. ಗೋದಾಮಿನ ಕಡೆ ಅವಳು ವರ್ಷಗಳಿಂದ ಕಾಲಿಟ್ಟಿರಲಿಲ್ಲ. ಆದರೂ ದೊರೆ ಆಗಾಗ ಅಂಗಡಿಯ ಜಗಲಿಗೆ ಬಂದು ಟೀ ಕುಡಿದು, ಪುಟ್ಟಿಯ ಹತ್ತಿರ ಕಪ್ಪ ಕಾಣಿಕೆ ಕೇಳಿ ಹೋಗುವುದಿತ್ತು. ಅವಳನ್ನು ಕಂಡು ಹೊಸಬರು, ಹಳಬರು ಎದ್ದು ಬಂದರು. ಯಾರನ್ನು ನಂಬದಿದ್ದರೂ ಒಮ್ಮೆ ಅಲ್ಲೇ ಕೂತು ಎದ್ದು ಹೋದವಳನ್ನು ಅವರು ನಂಬುತ್ತಿದ್ದರು. ಜಗಲಿಯ ಮೇಲೆ ಸಾಲಾಗಿ ಕೂತು ಬೆರಳು ಚಾಚಿದರು. ಆ ಕೈಗಳು ಎಷ್ಟು ಚುಚ್ಚು ಕಂಡಿದ್ದರೂ ಸಿಸ್ಟರ್ ಚುಚ್ಚಿದಾಗ ಒಬ್ಬ "ಅಯ್ಯಮ್ಮಾ" ಎಂದು ಕಿರುಚಿದ. ಉಳಿದವರು ಬಿದ್ದು ಬಿದ್ದು ನಕ್ಕರು.

"ಹತ್ತಿ, ನೀನು ಕೊಟ್ಯಾ ಬೆರಳು?" ಎಂದು ದೊರೆ ಕೇಳಿದ. ಅವನು ಅವಳನ್ನು ಕರೆಯುತ್ತಿದ್ದುದೇ ಹಾಗೆ, ಹತ್ತಿ ಎಂದು.

"ನಂಗ್ಯಾಕೆ ದೊರೆ? ನಂದು ಕೆಂಪು ದಾರ. ಇನ್ನೊಬ್ಬರ ಸೂಜಿ ಮುಟ್ಟಿದೋಳೇ ಅಲ್ಲ."

"ಅದೂ ಸರಿ. ನನಗೂ ಬೇಡ. ನಾನು ಬರೀ ಪ್ರಜೆಗಳನ್ನ ನೋಡ್ಕೊಂಡು ಹೋಗೋಕೆ ಬಂದೋನು."

ಸಿಸ್ಟರ್ ಹೆಸರಿನ ಪಟ್ಟಿಯಿಂದ ಕಣ್ಣು ತೆಗೆಯದೆ, "ದಾರ ಸೂಜಿಗೆ ಸುತ್ತಿದ್ರಿ. ಚಮಚಕ್ಕೆ? ನೀರಿನ ಲೋಟಕ್ಕೆ?" ಎಂದು ಕೇಳಿದರು.

ದೊರೆ ನಕ್ಕ. "ಚಮಚಕ್ಕೆ ಯಾರಾದ್ರೂ ದಾರ ಕಟ್ತಾರಾ ಸಿಸ್ಟರ್? ಚಮಚ ಎಲ್ರದ್ದೂ." ಆಮೇಲೆ, ಹೇಳಲೋ ಬೇಡವೋ ಎಂದು ಕ್ಷಣ ಯೋಚಿಸಿ, ತನ್ನ ಡಬ್ಬಿಯ ವಿಷಯ ಹೇಳಿದ. ಹೊಗಳಿಕೆ ನಿರೀಕ್ಷಿಸುವವನ ನಾಚಿಕೆ ಅವನ ಮುಖದಲ್ಲಿತ್ತು. ಎಷ್ಟು ವರ್ಷದಿಂದ ನಡೆಸಿಕೊಂಡು ಬಂದಿದ್ದೇನೆ, ಒಬ್ಬರನ್ನೂ ಬರಿಗೈಲಿ ಕಳಿಸಿಲ್ಲ ಎಂದ.

ಸಿಸ್ಟರ್ ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಮಗುವಿಗೆ ಹೇಳುವಷ್ಟು ನಿಧಾನವಾಗಿ ಹೇಳಿದರು. "ಸೂಜಿ ನಿಮ್ಮನಿಮ್ಮದೇ ಇರಬಹುದು ಅಪ್ಪ. ಆದ್ರೆ ನಿನ್ನ ಸೂಜಿಯೂ ಅದೇ ಚಮಚಕ್ಕೆ ಇಳಿಯುತ್ತೆ, ಅವನದ್ದೂ ಅದೇ ಚಮಚಕ್ಕೆ ಇಳಿಯುತ್ತೆ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಇದು ಗಟ್ಟಿ ಜೀವದ ವೈರಸ್ಸು, ನೀರಲ್ಲಿ, ಹತ್ತಿಯಲ್ಲಿ ದಿನಗಟ್ಟಲೆ ಕಾಯ್ಕೊಂಡು ಕೂರುತ್ತೆ. ಎಲ್ಲರ ಹತ್ತಿ ಒಂದು ಡಬ್ಬಿಯಲ್ಲಿ ಅಂದ್ರೆ, ಎಲ್ಲರ ರಕ್ತ ಒಂದು ಡಬ್ಬಿಯಲ್ಲಿ ಇದ್ದ ಹಾಗೆ."

 ದೊರೆಯ ಮುಖ ಹೊಸದಾಗಿ ಬಳಿದ ಬಣ್ಣದ ಮೇಲೆ ಯಾರೋ ಕೈಯೊರಸಿದ ಹಾಗೆ ಕಲಸಿಹೋಯಿತು. "ಅಂದ್ರೆ ನಾನು ಕೊಟ್ಟಿದ್ದೆಲ್ಲ..." ಎಂದು ಶುರುಮಾಡಿ, ಮುಗಿಸದೆ, ಟೀ ಲೋಟ ಅರ್ಧಕ್ಕೇ ಬಿಟ್ಟು ಹೊರಟುಹೋದ.

ಜೋಂಪಕ್ಕ ಆಗಲೇ ಒಳಗೆ ಹೋಗಿ ಹಾಸಿಗೆಯ ಅಂಚು ಹೊಲಿಯುತ್ತಿದ್ದಳು. ಎಲ್ಲವೂ ಕೇಳಿಸಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳ ಕೈ ತಾನಾಗಿಯೇ ಬಲಪಕ್ಕೆಯ ಕೆಳಗೆ ಹೋಯಿತು. ಅಲ್ಲಿ ನೋವಿರಲಿಲ್ಲ, ಏನೂ ಇರಲಿಲ್ಲ. ತೇಲುತ್ತಿದ್ದ ಎಳೆಗಳು ಒಮ್ಮೆಗೇ ನಿಂತ ಹಾಗೆ ಕಂಡವು. ಹೊರಗೆ ಸಿಸ್ಟರ್ ಇನ್ನೊಬ್ಬ ಹೆಂಗಸಿಗೆ, "ತಾಯಿಗಿದ್ರೆ ಹೊಟ್ಟೆಯಲ್ಲಿರೋ ಮಗುಗೂ ಹೋಗಬಹುದು. ಬಹಳ ಇಲ್ಲ, ನೂರರಲ್ಲಿ ಐದಾರು ಮಕ್ಕಳಿಗೆ. ಆದ್ರೂ ನೋಡಬೇಕು," ಎನ್ನುತ್ತಿದ್ದರು.

ಹತ್ತಿಯ ರಾಶಿಯಿಂದ ಪುಟ್ಟಿ ಎದ್ದು ನಿಂತಳು, ಬಿಳಿ ಹುಬ್ಬು, ಬಿಳಿ ರೆಪ್ಪೆ. "ಅಮ್ಮಾ, ನಾನು ಮೋಡ. ನನ್ನ ಹಿಡಿ ನೋಡೋಣ."

ಆ ವಾರವೆಲ್ಲ ಜೋಂಪಕ್ಕ ಇನ್ನೂ ಹೆಚ್ಚು ಮಲಗಿದಳು. ಕನಸಲ್ಲಿ ಅವಳು ದೊಡ್ಡದೊಂದು ಹಾಸಿಗೆ ಹೊಲಿಯುತ್ತಿದ್ದಳು. ಒಂದು ಅಂಚು ಮುಗಿಯುವಷ್ಟರಲ್ಲಿ ಇನ್ನೊಂದು ಅಂಚು ಬಿಚ್ಚಿ, ಹತ್ತಿಯೆಲ್ಲ ಬೀದಿಗೆ, ಮನೆಗಳ ಮೇಲೆ, ಶಾಲೆಯ ಅಂಗಳಕ್ಕೆ ಮೆಲ್ಲಗೆ ಇಳಿಯುತ್ತಿತ್ತು. ಮಕ್ಕಳು ಬಾಯಿ ತೆರೆದು ಹಿಡಿಯುತ್ತಿದ್ದರು. ಬೇಡ ಎಂದು ಕೂಗಲು ಹೋದರೆ ಬಾಯಿಂದ ಬರುತ್ತಿದ್ದುದೂ ಹತ್ತಿಯೇ. ಎಚ್ಚರವಾದರೆ ಪುಟ್ಟಿ ಪಕ್ಕದಲ್ಲಿ ಬೆವರಿ, ಬಾಯಿ ತೆರೆದು, ಕಾಲನ್ನು ಅವಳ ಹೊಟ್ಟೆಯ ಮೇಲೆ ಹಾಕಿ ಮಲಗಿರುತ್ತಿದ್ದಳು. ಮಗುವಿನ ಕಣ್ಣು ಹಳದಿಯಾಗಿದೆಯೇ ಎಂದು ನೋಡಲು ಅವಳು ರೆಪ್ಪೆ ಎತ್ತಿದಳು. ಪುಟ್ಟಿ ನಿದ್ದೆಯಲ್ಲೇ ಕೈ ತಳ್ಳಿದಳು. ಅದೇ ಹೊತ್ತಿಗೆ ತಿಳಿದದ್ದು ಅವಳಿಗೆ. ತನ್ನ ಲಿವರು ಏನಾದರೂ ಆಗಲಿ, ಅದರ ಹೆದರಿಕೆ ಅವಳಿಗಿರಲಿಲ್ಲ. ಗೊತ್ತಾದರೆ ಮಗುವಿನ ಬೆರಳೂ ಚಾಚಿಸಬೇಕಲ್ಲ, ಅಲ್ಲಿ ಕಾಣುವುದನ್ನು ನೋಡಬೇಕಲ್ಲ, ಅದೇ ಹೆದರಿಕೆ. ಗೊತ್ತಿಲ್ಲದಿರುವಷ್ಟು ದಿನ ಪುಟ್ಟಿ ಆರೋಗ್ಯವಾಗಿಯೇ ಇದ್ದಾಳೆ.

ಅಮ್ಮನ ಕಣ್ಣು ತಪ್ಪಿಸಲಾಗಲಿಲ್ಲ. ಹೊಲಿಯುವಾಗ ದಬ್ಬಳ ಚುಚ್ಚಿ ಜೋಂಪಕ್ಕನ ಬೆರಳಿನ ರಕ್ತ ಬಿಳಿಯ ಗವಸಿಗೆ ತಾಗಿತು. ಹಿಂದೆಲ್ಲ ಅವಳು ಬೆರಳು ಚೀಪಿ ಮುಂದುವರಿಸುತ್ತಿದ್ದಳು. ಈ ಸಲ ಹಾವು ಕಂಡವಳಂತೆ ಬಟ್ಟೆ ಎಸೆದು, ಅದನ್ನು ಕುಯ್ದು, ಮುದ್ದೆ ಮಾಡಿ, ಒಲೆಗೆ ಹಾಕಿದಳು.

"ಏನೇ ಅದು?" ಎಂದಳು ಅಮ್ಮ.

"ಏನಿಲ್ಲ."

"ಏನಿಲ್ಲ ಅನ್ನೋದನ್ನ ಸುಡ್ತಾರಾ?"

ಜೋಂಪಕ್ಕ ಹೇಳಿದಳು. ಡಬ್ಬಿ, ಹತ್ತಿ, ಪುಟ್ಟಿ, ಎಲ್ಲ. ಅಮ್ಮ ಯಂತ್ರದ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಮುದುಕಿ ಹೆದರಿದ್ದು ಕಾಣುತ್ತಿತ್ತು. ಆದರೆ ಅವಳ ಹೆದರಿಕೆ ಯಾವಾಗಲೂ ಸಿಡುಕಿನ ವೇಷ ಹಾಕಿಕೊಂಡೇ ಹೊರಬರುತ್ತಿದ್ದುದು.

"ಇಷ್ಟು ವರ್ಷ ನಿನ್ನ ನಿದ್ದೆಗೆ ನಾನು ಜೋಕು ಹೊಡ್ಕೊಂಡು ಕೂತೆ ನೋಡು, ನನ್ನ ಬಾಯಿಗೆ ಬೆಂಕಿ ಹಾಕ. ಒಳಗಡೆ ಗಂಟಿದೆ ಅಂತ ಅನುಮಾನ ಬಂದ್ರೆ ಹಾಸಿಗೆ ಬಿಚ್ಚಿ ನೋಡ್ತೀವೋ, ಅದರ ಮೇಲೇ ಮಲಗ್ತೀವೋ?"

"ಪುಟ್ಟಿಗೂ ಇದ್ರೆ ಅಮ್ಮ?"

ಅಮ್ಮನ ಹತ್ತಿರ ಅದಕ್ಕೆ ಗಾದೆಯಿರಲಿಲ್ಲ. "ಇದ್ರೂ ಅವಳು ನಮ್ಮ ಪುಟ್ಟೀನೇ ಅಲ್ವೇನೇ," ಎಂದು, ಮುಖ ತಿರುಗಿಸಿ ಯಂತ್ರ ತುಳಿಯತೊಡಗಿದಳು. ಸೂಜಿಯಲ್ಲಿ ದಾರವೇ ಇರಲಿಲ್ಲ. 

ಮುಂದಿನ ಸಲ ಸಿಸ್ಟರ್ ಬಂದಾಗ ಜೋಂಪಕ್ಕ ಎಲ್ಲರಿಗಿಂತ ಮೊದಲು ಜಗಲಿಯ ಮೇಲಿದ್ದಳು. ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಪ್ಲಾಸ್ಟಿಕ್ಕಿನ ಚಿಕ್ಕ ಪಟ್ಟಿಯ ಕುಳಿಗೆ ಬಿಟ್ಟು, ಮೇಲೆ ಔಷಧಿಯ ಹನಿ ಹಾಕಿದರು. ನಿಧಾನವಾಗಿ ಒಂದು ಟೀ ಕುಡಿಯುವಷ್ಟು ಹೊತ್ತು ಕಾಯಬೇಕು. ಒಂದು ಗೆರೆ ಬಂದರೆ ಇಲ್ಲ. ಎರಡು ಬಂದರೆ ಇದೆ. ಅವಳು ನೋಡುತ್ತಲೇ ಇದ್ದಳು. ಬಿಳಿಯೊಳಗಿಂದ ಗುಲಾಬಿ ಬಣ್ಣದ ಮೊದಲ ಗೆರೆ ಎದ್ದಿತು. ಆಮೇಲೆ, ದೂರದ ರಸ್ತೆಯಲ್ಲಿ ಯಾರೋ ಬರುತ್ತಿರುವ ಹಾಗೆ, ಮೊದಲು ಇದೆಯೋ ಇಲ್ಲವೋ ಎಂಬಂತೆ, ಆಮೇಲೆ ಸಂದೇಹವೇ ಇಲ್ಲದಂತೆ, ಎರಡನೆಯದು.

"ಇಷ್ಟಕ್ಕೇ ಹೆದರಬೇಡ," ಎಂದರು ಸಿಸ್ಟರ್. "ಈ ಗೆರೆ ಹೇಳೋದು ವೈರಸ್ಸು ಒಂದು ಕಾಲಕ್ಕೆ ನಿನ್ನ ಮನೆಗೆ ಬಂದಿತ್ತು ಅಂತ ಮಾತ್ರ. ಕೆಲವರ ಮೈ ತಾನೇ ಅದನ್ನ ಹೊರಗೆ ದಬ್ಬಿಬಿಡುತ್ತೆ. ಇನ್ನೂ ಒಳಗೆ ಕೂತಿದೆಯಾ ಅಂತ ತಿಳಿಯೋಕೆ ಕೈಯಿಂದ ರಕ್ತ ತೆಗೆದು ಕಳಿಸಬೇಕು."

ಕಷ್ಟ ಶುರುವಾದದ್ದು ಅಲ್ಲಿ. ಸಿಸ್ಟರ್ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಮೊಣಕೈಯ ಒಳಬದಿ ತಟ್ಟಿ, ಒತ್ತಿ, ಸವರಿ ನೋಡಿದರು. ನರಗಳೆಲ್ಲ ಎಂದೋ ಮುಚ್ಚಿಹೋದ ದಾರಿಗಳು. ಒಂದು ಕಡೆ ಚುಚ್ಚಿದರು, ಬರಲಿಲ್ಲ. ಇನ್ನೊಂದು ಕೈ, ಅಲ್ಲೂ ಇಲ್ಲ. ಜೋಂಪಕ್ಕನ ಮೈ ನಡುಗುತ್ತಿತ್ತು. ನೋವಿಗಲ್ಲ. ತೋಳಿಗೆ ಬಿಗಿದ ಪಟ್ಟಿ, ಚರ್ಮಕ್ಕೆ ತಾಗಿದ ತಣ್ಣನೆಯ ತುದಿ. ಅವಳ ಮೈಗೆ ಅದರ ಮುಂದಿನ ದಾರಿ ಗೊತ್ತಿತ್ತು. ಇನ್ನೇನು ಬೆಚ್ಚಗಿನದೊಂದು ಅಲೆ ಏಳುತ್ತದೆ, ಬೀದಿ ಅಳಿಸಿಹೋಗುತ್ತದೆ, ಅಪ್ಪನ ಬಿಲ್ಲು ಕೇಳಿಸುತ್ತದೆ ಎಂದು ಮೈಯ ಒಂದೊಂದು ಕೂದಲೂ ಕಾಯುತ್ತ ನಿಂತಿತು. ಮಗುವಾದ ಮೇಲೆ ಹಾಗೆ ಅವಳಿಗೆ ಒಮ್ಮೆಯೂ ಆಗಿರಲಿಲ್ಲ. ಎದ್ದು ಓಡಬೇಕೆನಿಸಿತು. ಎಲ್ಲಿಗೆ ಎಂದು ಕೇಳಿದ್ದರೆ ಗೋದಾಮಿನ ಕಡೆಗೇ ಎನ್ನುತ್ತಿದ್ದಳೇನೋ.

"ಅಲ್ಲೆಲ್ಲ ಹುಡುಕಬೇಡಿ ಸಿಸ್ಟರ್. ಬಾವಿ ಬತ್ತಿ ಯಾವ ಕಾಲವಾಯ್ತು."

ದೊರೆ. ಆ ದಿನ ಹೋದವನು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಜಗಲಿಯ ಮೂಲೆಯಲ್ಲಿ, ಯಾರ ಮುಖವನ್ನೂ ನೋಡದೆ ನಿಂತಿದ್ದ. "ಬಲಗೈ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿಗೆ ಸ್ವಲ್ಪ ಮೇಲೆ. ಅಡ್ಡಡ್ಡ ಹೋಗುತ್ತೆ. ಕೈ ಬಿಸಿನೀರಲ್ಲಿ ಇಡಿಸಿ, ಏಳುತ್ತೆ. ಅಲ್ಲಿ ಇವಳು ಯಾವತ್ತೂ ಹಾಕ್ಕೊಂಡಿಲ್ಲ. ಹೊಲಿಯೋ ಕೈ ಅಂತ ನಾನೇ ಬಿಡ್ತಿರಲಿಲ್ಲ."

ಅಮ್ಮ ಬಿಸಿನೀರು ತಂದಳು. ನರ ಎದ್ದಿತು, ದಾರದಷ್ಟು ಸಣ್ಣಗೆ, ಅಡ್ಡಡ್ಡ. ಸಿಸ್ಟರ್ ಉಸಿರು ಹಿಡಿದು ಚುಚ್ಚಿದರು. ಕೊಳವೆಯೊಳಗೆ ರಕ್ತ ಬಂತು.

"ನನ್ನ ಕಡೆ ನೋಡು ಹತ್ತಿ," ಎಂದ ದೊರೆ. "ಆ ಕಡೆ ನೋಡಬೇಡ. ಮೈ ಕೇಳ್ತಿದೆ ಅಲ್ವಾ? ಕೇಳ್ಲಿ ಬಿಡು. ಅದಕ್ಕೆ ಬುದ್ಧಿ ಇಲ್ಲ. ಈ ಸಲ ಸೂಜಿ ಏನೂ ಕೊಡಲ್ಲ, ತಗೊಂಡು ಹೋಗುತ್ತೆ ಅಷ್ಟೇ."

ಅವಳು ಅವನ ಕಡೆ ನೋಡಿದಳು. ಎಷ್ಟು ಮುದುಕನಾಗಿದ್ದಾನೆ, ಕಣ್ಣ ಬಿಳಿ ಎಷ್ಟು ಹಳದಿಯಾಗಿದೆ ಎಂದು ಆಗಲೇ ಕಂಡದ್ದು ಅವಳಿಗೆ.

"ನೀನೂ ಕೊಡಪ್ಪ ಬೆರಳು," ಎಂದರು ಸಿಸ್ಟರ್ ಹತ್ತಿಯ ಉಂಡೆ ಒತ್ತುತ್ತ.

"ನನ್ನದು ಬಿಡಿ. ಡಬ್ಬಿ ಇಟ್ಕೊಂಡೋನು ನಾನು. ನಂಗಿಲ್ಲದೆ ಇನ್ಯಾರಿಗಿರುತ್ತೆ? ಗೊತ್ತಿರೋದನ್ನ ಇನ್ನೊಂದ್ಸಲ ಕೇಳಿಸ್ಕೊಳ್ಳೋದ್ಯಾಕೆ," ಎಂದು ಅವನು ಮತ್ತೆ ಹೊರಟುಹೋದ.

ಫಲಿತಾಂಶ ಬಂತು. ವೈರಸ್ಸು ಇತ್ತು, ಎಷ್ಟೋ ವರ್ಷಗಳಿಂದ ಬಾಡಿಗೆ ಕೊಡದೆ ಒಳಗೆ ಕೂತಿತ್ತು. ಸಿಸ್ಟರ್ ಮಾತ್ರೆಯ ಡಬ್ಬ ತಂದುಕೊಟ್ಟರು. ದಿನಕ್ಕೊಂದು, ಮೂರು ತಿಂಗಳು, ಒಂದು ದಿನವೂ ತಪ್ಪಿಸಬಾರದು. ನೂರಕ್ಕೆ ತೊಂಬತ್ತೈದು ಜನಕ್ಕೆ ಪೂರ್ತಿ ಹೋಗುತ್ತದೆ. ಹೋದಮೇಲೆ ಮತ್ತೆ ಬರಬಾರದೆಂದೇನೂ ಇಲ್ಲ, ಆದ್ದರಿಂದ ಎಚ್ಚರ ಬೇಕು. ಅಮ್ಮ ತನ್ನ ಪ್ರಶ್ನೆಗಳನ್ನು ಸಾಲಾಗಿ ಸಿದ್ಧಮಾಡಿಕೊಂಡಿದ್ದಳು. ಒಂದೇ ತಟ್ಟೆಯಲ್ಲಿ ಉಂಡರೆ? ಬರಲ್ಲ. ಅಪ್ಪಿಕೊಂಡು ಮಲಗಿದರೆ? ಬರಲ್ಲ. ಇವಳು ಹೊಲಿದ ಹಾಸಿಗೆ? "ಹಾಸಿಗೆಯಿಂದ ಬರೋದು ಸೋಮಾರಿತನ ಮಾತ್ರ ಅಮ್ಮ," ಎಂದರು ಸಿಸ್ಟರ್. ಗಾಯಕ್ಕೆ ಪಟ್ಟಿ ಸುತ್ತಿ ಕೆಲಸ ಮಾಡಲಿ, ಹಲ್ಲುಜ್ಜುವ ಬ್ರಷ್ಷು ಅವರವರದ್ದೇ ಇರಲಿ, ಅಷ್ಟು ಸಾಕು.

"ಇನ್ನು ಪುಟ್ಟಿ," ಎಂದರು.

ಪುಟ್ಟಿ ಆಗಲೇ ಬಂದು ಜಗಲಿಯ ಮೇಲೆ ಕಾಲು ಜೋಲುಬಿಟ್ಟು ಕೂತಿದ್ದಳು. ಮನೆಯಲ್ಲಿ ಎರಡು ಗೆರೆಯ ಮಾತು ಪಿಸುಗುಟ್ಟಿದಷ್ಟೂ ಅವಳ ಕಿವಿ ಉದ್ದವಾಗಿತ್ತು. ಅಮ್ಮನ ಹತ್ತಿರ ಏನೋ ಇದೆ, ಎಲ್ಲರೂ ಅದರ ಬಗ್ಗೆಯೇ ಮಾತಾಡುತ್ತಾರೆ, ಅದು ಗುಲಾಬಿ ಬಣ್ಣದ್ದು. ಬೆರಳು ಚುಚ್ಚಿದಾಗ ಅವಳು ತುಟಿ ಕಚ್ಚಿ ತಡೆದುಕೊಂಡಳು. ಒಂದು ಹನಿ ಪಟ್ಟಿಗೆ ಬಿತ್ತು.

ಬೀದಿಯ ಸದ್ದೆಲ್ಲ ಎಲ್ಲಿಗೋ ಸರಿದುಹೋಯಿತು. ಒಳಗೆ ಹಿಂಜುವ ಯಂತ್ರ ಆಗ ತಾನೇ ನಿಂತಿತ್ತು; ಬಿಳಿಯ ಎಳೆಗಳು ಬಾಗಿಲಿನಿಂದ ಹೊರಬಂದು ಜಗಲಿಯ ಮೇಲೆ, ಸಿಸ್ಟರ್ ಕನ್ನಡಕದ ಮೇಲೆ, ಮಗುವಿನ ಕೂದಲ ಮೇಲೆ ಸದ್ದಿಲ್ಲದೆ ಇಳಿಯುತ್ತಿದ್ದವು. ಜೋಂಪಕ್ಕನಿಗೆ ಇದೂ ತನ್ನ ಕನಸೇ ಅನ್ನಿಸಿತು. ಆದರೆ ಕನಸಿನಲ್ಲಿ ಕಣ್ಣು ಮುಚ್ಚಿಕೊಳ್ಳಬಹುದಿತ್ತು. ಇಲ್ಲಿ ಅವಳು ರೆಪ್ಪೆ ಮಿಟುಕಿಸಲಿಲ್ಲ. ಎಷ್ಟೋ ವರ್ಷಗಳ ನಂತರ ಮೊದಲ ಬಾರಿಗೆ ಅವಳ ಕಣ್ಣಿನಲ್ಲಿ ನಿದ್ದೆಯ ಲೇಶವೂ ಇರಲಿಲ್ಲ. ಬೀದಿಯಾಚೆ, ಬಾಗಿಲು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ದೊರೆ ಕೂತಿದ್ದುದೂ ಅವಳಿಗೆ ಕಾಣುತ್ತಿತ್ತು. ಅವನು ಈ ಕಡೆ ನೋಡುತ್ತಿರಲಿಲ್ಲ. ನೋಡದೇ ಇರಲು ಬಹಳ ಕಷ್ಟಪಡುತ್ತಿದ್ದ.

ಮೊದಲ ಗೆರೆ ಎದ್ದಿತು.

ಎರಡನೆಯದು ಬರುವ ಜಾಗವನ್ನು ಅವಳು ನೋಡಿದಳು. ಬಿಳಿ. ಮತ್ತೆ ನೋಡಿದಳು. ಅಲ್ಲೇನೋ ನೆರಳು ಕಂಡ ಹಾಗಾಯಿತು. ಅರಳೆಯ ಎಳೆಯೊಂದು ಪಟ್ಟಿಯ ಮೇಲೆ ಕೂತಿತ್ತು. ಸಿಸ್ಟರ್ ಅದನ್ನು ಊದಿದರು. ಬಿಳಿ. ಟೀ ತಣ್ಣಗಾಯಿತು. ಬಿಳಿಯೇ.

"ಒಂದೇ," ಎಂದರು ಸಿಸ್ಟರ್. ಅವರ ಗಟ್ಟಿ ಧ್ವನಿಯೂ ಸಣ್ಣಗಾಗಿತ್ತು. "ಒಂದೇ ಗೆರೆ. ಇಲ್ಲ ಇವಳಿಗೆ. ಏನೂ ಇಲ್ಲ."

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಹತ್ತಿ ಧೂಳು," ಎಂದಳು. ಜೋಂಪಕ್ಕ ನಗಲು ಹೋದಳು, ಬರಲಿಲ್ಲ. ಅಳಲು ಹೋದಳು, ಅದೂ ಬರಲಿಲ್ಲ. ಅಷ್ಟರಲ್ಲಿ ಅಳು ಬೇರೆ ಕಡೆಯಿಂದ ಬಂತು.

"ಒಂದೇನಾ?" ಪುಟ್ಟಿಯ ತುಟಿ ಉಬ್ಬಿ, ಮುಖ ಕೆಂಪಾಗಿ, ಬೀದಿಗೆಲ್ಲ ಕೇಳುವಂತೆ ಅಳು ಸ್ಫೋಟಿಸಿತು. "ಅಮ್ಮಂಗೆ ಎರಡು! ನಂಗೆ ಒಂದೇ! ನಂಗೂ ಎರಡು ಬೇಕು! ನಾನು ಅಳಲೇ ಇಲ್ಲ, ಸುಮ್ಮನೆ ಕೂತಿದ್ದೆ, ಆದ್ರೂ ಒಂದೇ!"

ಈಗ ಜೋಂಪಕ್ಕನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಮಗುವನ್ನು ಎಳೆದು ತಬ್ಬಿಕೊಂಡಳು, ಮಗು ಒದೆಯಿತು. "ಒಂದೇ ಒಳ್ಳೇದು ಕಣೇ." "ಅಲ್ಲ!" "ಒಂದು ಬಂದೋರು ಜಾಣೆಯರು." "ನೀನು ಜಾಣೆ ಅಲ್ವಾ ಮತ್ತೆ?"  ಸಿಸ್ಟರ್ ಬಿಸ್ಕತ್ತು ಕೊಟ್ಟರು. ಅದು ಬೀದಿಗೆ ಹೋಗಿ ಬಿತ್ತು. ಅಜ್ಜಿ ಗದರಿದಳು, ಅಳು ಇನ್ನೊಂದು ಮೆಟ್ಟಿಲು ಮೇಲೇರಿತು.

ದೊರೆ ರಸ್ತೆ ದಾಟಿ ಬಂದು ಬಿಸ್ಕತ್ತು ಹೆಕ್ಕಿ, ಧೂಳು ಕೊಡವಿ, ಜಗಲಿಯ ಅಂಚಿನಲ್ಲಿ ನಿಂತ. "ಯಾರು ನಮ್ಮ ರಾಣೀನ ಅಳಿಸಿದ್ದು?"

"ದೊರೆ ಮಾಮ, ನಂಗೆ ಒಂದೇ ಗೆರೆ ಕೊಟ್ರು."

ಅವನು ಜೋಂಪಕ್ಕನ ಮುಖ ನೋಡಿದ. ಅವಳು ಹೌದೆಂದು ತಲೆ ಆಡಿಸಿದಳು. ಒಂದೇ ಎಂಬುದರ ಅರ್ಥ ಅವನಿಗೆ ಗೊತ್ತಿತ್ತು. ಅವನು ಜಗಲಿಯ ಕಂಬ ಹಿಡಿದುಕೊಂಡು, ಮಂಡಿ ನೋಯುವವನ ಹಾಗೆ ಮೆಲ್ಲಗೆ ಕೂತ.  ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಆಮೇಲೆ ಬಣ್ಣದ ಕಲೆ ಹೋಗದ ತನ್ನ ದಪ್ಪ ಬೆರಳನ್ನು ಸಿಸ್ಟರ್ ಮುಂದೆ ಚಾಚಿದ.

"ತಗೊಳ್ಳಿ ಸಿಸ್ಟರ್. ಇದರಲ್ಲಿ ಎಷ್ಟು ಗೆರೆ ಬಂದ್ರೂ ರಾಣಿಗೇ."

"ದಾನ ಮಾಡೋ ಚಟ ಬಿಡಲ್ಲ ನೋಡು ಇವನು," ಎಂದಳು ಅಮ್ಮ. ಬೈಗುಳದಂತೆ ಹೇಳಿ, ಒಳಗೆ ಹೋಗಿ ಅವನಿಗೂ ಒಂದು ಟೀ ತಂದಿಟ್ಟಳು.

ಪುಟ್ಟಿಯ ಅಳು ಬಿಕ್ಕಿಗೆ ಇಳಿಯಿತು. "ನಿಜವಾಗ್ಲೂ ಕೊಡ್ತೀಯಾ?"

"ದೊರೆ ಮಾತು ತಪ್ತಾನಾ?"

ಸಿಸ್ಟರ್ ಹೊಸ ಪಟ್ಟಿ ಬಿಚ್ಚಿದರು. ಹನಿ ಬಿತ್ತು. ದೊರೆ ಮುಖ ಆ ಕಡೆ ತಿರುಗಿಸಿದ. ಅವನ ಖಾಲಿ ಕೈ ಜಗಲಿಯ ಮೇಲೆ ಸುಮ್ಮನೆ ಹುಡುಕಾಡುತ್ತಿತ್ತು. ಜೋಂಪಕ್ಕ ಅದನ್ನು ಹಿಡಿದುಕೊಂಡಳು. "ನಾನೂ ಮಾತ್ರೆ ಶುರು ಮಾಡ್ತಿದೀನಿ ದೊರೆ. ನಿಂಗೂ ಎರಡು ಬಂದ್ರೆ ಒಟ್ಟಿಗೇ ನುಂಗೋಣ. ದಿನಾ ಬೆಳಗ್ಗೆ ಇಲ್ಲಿಗೆ ಬಾ. ಬರದಿದ್ರೆ ನಾನೇ ಗೋದಾಮಿಗೆ ಬಂದು ಎಳ್ಕೊಂಡು ಬರ್ತೀನಿ."

"ಎಳಿಯೋಕೆ ನೀನು ಎದ್ದಿರಬೇಕಲ್ಲ," ಎಂದ ದೊರೆ. ಧ್ವನಿ ಒಡೆದಿತ್ತು, ಆದರೂ ನಗು ಇತ್ತು.

ಪುಟ್ಟಿ ಪಟ್ಟಿಯ ಮೇಲೆ ಬಗ್ಗಿ, ಎರಡೂ ಕೈ ನೆಲಕ್ಕೂರಿ, ಮೂಗು ತಾಗುವಷ್ಟು ಹತ್ತಿರ ಕಣ್ಣಿಟ್ಟು ಕಾಯುತ್ತಿದ್ದಳು.

"ಯಾರೂ ಮಾತಾಡಬೇಡಿ," ಎಂದಳು. "ಗೆರೆ ಹೆದರ್ಕೊಳ್ಳುತ್ತೆ."